ಬಾವುಟ ಮೊದಲು ಇಳಿಸದವರು

ಹೋದ ತಿಂಗಳು ಎದುರು ಮನೆಯವರ ಜನಾಜಾ, ಅವರ ಕೊನೆಯ ಯಾತ್ರೆ, ನಮ್ಮ ಗೇಟಿನ ಮುಂದೆ ಹಾದುಹೋಯಿತು. ನಾನು ಗೇಟಿನ ಒಳಗೆ ನಿಂತು ಬಲಗೈಯನ್ನು ಹಣೆಯ ತನಕ ಎತ್ತಿದೆ. ಅವರು ನಮ್ಮ ಓಣಿಗೆ ಬಂದು ಹದಿನಾಲ್ಕು ವರ್ಷ. ನಾನು ಮಾಡಿದ ಸಲಾಮಿಗೆ ಅವರಿಂದ ಉತ್ತರ ಬಾರದೇ ಹೋದದ್ದು ಅದೊಂದೇ ಸಲ.

ಆ ಹದಿನಾಲ್ಕರಲ್ಲಿ ಮೊದಲ ಒಂದು ವರ್ಷ ನಾವು ಮಾತೇ ಆಡಿರಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ತಪ್ಪು ಯಾರದು ಎಂದರೆ ಇಬ್ಬರದೂ. ನಾನು ಸಿಕಂದರಾಬಾದಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು. ಮದುವೆಯಾಗಿ ಯಾದಗಿರಿಗೆ ಬಂದು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷು, ಜಾಗ್ರಫಿ ಕಲಿಸಿ ರಿಟೈರ್ ಆದವಳು. ಯಾರಾದರೂ ಇಂಟ್ರಡ್ಯೂಸ್ ಮಾಡಿಸದ ಹೊರತು ಪರಗಂಡಸರ ಜೊತೆ ಮಾತಾಡುವುದು ಬ್ಯಾಡ್ ಮ್ಯಾನರ್ಸ್ ಎಂದು ನಮ್ಮ ಸಿಸ್ಟರ್‌ಗಳು ತಲೆಯಲ್ಲಿ ತುಂಬಿದ್ದರು. ಯಾದಗಿರಿಯಲ್ಲಿ ಯಾರು ಯಾರನ್ನು ಇಂಟ್ರಡ್ಯೂಸ್ ಮಾಡಿಸುತ್ತಾರೆ? ಎದುರು ಮನೆಯಲ್ಲಿ ಅವರು ಕಟ್ಟೆಯ ಮೇಲೆ ಕೂತಿರುತ್ತಿದ್ದರು, ನಾನು ನನ್ನ ವರಾಂಡದಲ್ಲಿ. ಮಧ್ಯೆ ಹತ್ತು ಹೆಜ್ಜೆಯ ಓಣಿ. ದಿನಾ ಸಂಜೆ ಪರಸ್ಪರ ನೋಡುವುದು, ನೋಡಿಲ್ಲದ ಹಾಗೆ ಇರುವುದು. ಎಂಥ ಸೊಕ್ಕಿನ ಮನುಷ್ಯ ಎಂದು ನಾನು ಅಂದುಕೊಂಡಿದ್ದೆ. ಅವರ ಹೆಂಡತಿ ಆಮೇಲೆ ಹೇಳಿದಂತೆ, ಅವರೂ ನನ್ನ ಬಗ್ಗೆ ಅದೇ ಮಾತು ಅಂದಿದ್ದರು.

ಊರಲ್ಲಿ ಎಲ್ಲರೂ ಅವರನ್ನು ಜಹಾಜ್ ಮಾಸ್ತರು ಎನ್ನುತ್ತಿದ್ದರು. ಹುಟ್ಟಿದ್ದು ಸುರಪುರದಲ್ಲಿ, ಇಪ್ಪತ್ತೆಂಟು ವರ್ಷ ನೌಕಾಪಡೆಯಲ್ಲಿದ್ದು, ರಿಟೈರ್ ಆಗಿ ಯಾದಗಿರಿಯಲ್ಲಿ ಮನೆ ಕೊಂಡರು. ಯಾವ ಶಾಲೆಯಲ್ಲೂ ಮಾಸ್ತರಿಕೆ ಮಾಡಿದವರಲ್ಲ. ಆದರೂ ಆಗಸ್ಟ್ ಹದಿನೈದಕ್ಕೆ ಯಾವುದಾದರೊಂದು ಶಾಲೆಯ ವೇದಿಕೆಯ ಮೇಲೆ ಅವರು ಇದ್ದೇ ಇರಬೇಕು. ಸಮುದ್ರ ನೋಡಿದವರೇ ಕಡಿಮೆ ಇರುವ ಈ ನೆಲದಲ್ಲಿ ಯುದ್ಧದ ಹಡಗಿನಲ್ಲಿ ಇದ್ದು ಬಂದವರು ಎಂದರೆ ಸಣ್ಣ ಮಾತೇ?

ನಮ್ಮ ಮೌನ ಮುರಿದದ್ದು ಒಂದು ಹಳೆಯ ಗ್ಲೋಬಿನಿಂದ. ನಾನು ಮನೆ ಕ್ಲೀನ್ ಮಾಡಿಸಿ ರದ್ದಿಯವನಿಗೆ ಸಾಮಾನು ಹಾಕಿಸುತ್ತಿದ್ದೆ. ಗ್ಲೋಬಿನ ಸ್ಟ್ಯಾಂಡ್ ಮುರಿದಿತ್ತು, ಅದನ್ನೂ ಗಾಡಿಗೆ ಹಾಕಿಸಿದೆ. ಎದುರು ಕಟ್ಟೆಯ ಮೇಲೆ ಅವರು ಎದ್ದು ನಿಂತರು. ಬಂದು ಕೇಳಬಹುದಿತ್ತು, ಕೇಳಲಿಲ್ಲ. ಗಾಡಿಯ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು, ಯಾರದೋ ಹೆಣ ನೋಡುವವರ ಹಾಗೆ ಗ್ಲೋಬನ್ನು ನೋಡುತ್ತ ನಿಂತರು. ನನಗೆ ತಡೆಯಲಾಗಲಿಲ್ಲ.

"ಗುಡ್ ಈವ್ನಿಂಗ್," ಎಂದೆ.

ಅವರ ಕೈ ಸ್ಪ್ರಿಂಗ್ ಬಿಟ್ಟ ಹಾಗೆ ಹಣೆಗೆ ಹೋಯಿತು. "ಸಲಾಮ್ ಮೇಡಂ! ವರ್ಷಾತು ನೋಡ್ರಿ, ನಿಮ್ಮ ಹಾದಿ ಕಾಯಾಕತ್ತೇನಿ."

"ಹಾಗಾದರೆ ನೀವೇ ಮೊದಲು ಮಾತಾಡಿಸಬಹುದಿತ್ತಲ್ಲ?"

"ಅದು ಆಗಂಗಿಲ್ರಿ. ಸಮುದ್ರದಾಗ ವ್ಯಾಪಾರದ ಹಡಗ ಎದುರಿಗಿ ಬಂತಂದ್ರ, ಅದು ತನ್ನ ಬಾವುಟ ಅರ್ಧಕ್ಕ ಇಳಸ್ತದ. ಅಂದ್ರ ಸಲಾಮ್ ಅಂದಂಗ. ಆವಾಗ ಯುದ್ಧದ ಹಡಗ ತಂದೂ ಇಳಿಸಿ, ಮತ್ತ ಮ್ಯಾಲ ಏರಸ್ತದ. ಉತ್ತರ ಕೊಡ್ಲಾರದೆ ಎಂದೂ ಹೋಗಂಗಿಲ್ಲ. ಖರೆ, ತಾನಾಗಿ ಮೊದಲ ಇಳಸಂಗಿಲ್ಲ. ಕಾಯ್ದಾ ಅದ."

"ನೀವು ಮನುಷ್ಯರೋ, ಹಡಗೋ?"

"ಇಪ್ಪತ್ತೆಂಟ ವರ್ಷ ಅದರ ಹೊಟ್ಟ್ಯಾಗ ಇದ್ದೇನ್ರಿ ಮೇಡಂ," ಎಂದು ನಕ್ಕರು. "ಎಲ್ಲಿಗಿ ಅದು ಮುಗೀತು, ಎಲ್ಲಿಂದ ನಾ ಸುರು ಆದ್ನಿ, ನನಗs ಗೊತ್ತಾಗವಲ್ದು."

ಗ್ಲೋಬ್ ರದ್ದಿಯ ಗಾಡಿಯಿಂದ ಇಳಿದು ನನ್ನ ವರಾಂಡಕ್ಕೇ ವಾಪಸು ಬಂತು. ಅವರು ಒಂದು ಹಿತ್ತಾಳೆಯ ಲೋಟದ ಬಾಯಿಯ ಮೇಲೆ ಅದನ್ನು ಕೂರಿಸಿದರು. ಅಂದಿನಿಂದ ಸಂಜೆ ಐದೂವರೆಗೆ ಅವರು ಓಣಿ ದಾಟಿ ಬರುವುದು, ನಾನು ಮೊದಲು ಕೈ ಎತ್ತುವುದು, ಅವರು ಉತ್ತರ ಕೊಡುವುದು, ಟೀ ಕುಡಿಯುವುದು ರೂಢಿಯಾಯಿತು. ಓಣಿಯ ಹುಡುಗಿಯರು ನನ್ನ ಹತ್ತಿರ ಇಂಗ್ಲಿಷಿಗೆ ಬರುತ್ತಿದ್ದವರು ಗ್ರಾಮರ್ ಮುಗಿದ ಮೇಲೂ ಎದ್ದು ಹೋಗುತ್ತಿರಲಿಲ್ಲ.

ಮೂವತ್ತು ವರ್ಷ ಜಾಗ್ರಫಿ ಕಲಿಸಿದ ನಾನು ಗ್ಲೋಬಿನ ಮೇಲೆ ನೆಲವನ್ನಷ್ಟೇ ಕಲಿಸಿದ್ದೆ ಎನ್ನುವುದು ನನಗೆ ಅವರಿಂದ ತಿಳಿಯಿತು. ನೀಲಿ ಎಂದರೆ ನನಗೆ ಖಾಲಿ ಜಾಗ, ಹೆಸರು ಬರೆಯಲು ಬಿಟ್ಟ ಜಾಗ. ಅವರ ಬೆರಳು ನೆಲದ ಮೇಲೆ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಅರಬಸ್ಥಾನದ ಕೆಳಗಿನ ಇಕ್ಕಟ್ಟಿನ ನೀರಿನ ಮೇಲೆ ಬೆರಳಿಟ್ಟು, "ಇಲ್ಲಿ ಕಳ್ಳರ ಕಾಟ. ಸಣ್ಣ ದೋಣ್ಯಾಗ ಬಂದು ದೊಡ್ಡ ಹಡಗ ಹಿಡೀತಾರ. ಅದಕ್ಕ ಎಲ್ಲಾ ದೇಶದ ಯುದ್ಧದ ಹಡಗೂ ಇಲ್ಲಿ ಪಹರೆ ಮಾಡ್ತಾವ. ದೇಶ ದೇಶಕ್ಕ ಮಾತಿಲ್ಲ ಕತಿಯಿಲ್ಲ, ಖರೆ ಇಲ್ಲಿ ಒಬ್ಬರಿಗೊಬ್ಬರು ವೈರ್‌ಲೆಸ್‌ನ್ಯಾಗ ಗುಡ್ ಮಾರ್ನಿಂಗ್ ಅಂತಾರ" ಎನ್ನುತ್ತಿದ್ದರು. ಇನ್ನೊಂದು ಕಡೆ ಬೆರಳಿಟ್ಟು ನೀರೊಳಗೆ ಹುದುಗಿಸಿದ ಬಾಂಬುಗಳನ್ನು ಹುಡುಕಿ ತೆಗೆಯುವ ಹಡಗುಗಳ ಕಥೆ. ಒಂದೂ ತೋಪಿಲ್ಲದೆ ಸಮುದ್ರದ ತಳ ಅಳೆದು ನಕ್ಷೆ ಬರೆಯುವ ಬಿಳಿ ಬಣ್ಣದ ಹಡಗುಗಳ ಕಥೆ. ಬಿರುಗಾಳಿ ಹೊಡೆದ ದ್ವೀಪಕ್ಕೆ ಕುಡಿಯುವ ನೀರು ಹೊತ್ತುಕೊಂಡು ಹೋದ ಕಥೆ. ಸುಮ್ಮನೆ ಯಾರದೋ ಬಂದರಿಗೆ ಹೋಗಿ, ಬಣ್ಣ ಹಚ್ಚಿಕೊಂಡು, ಬ್ಯಾಂಡ್ ಬಾರಿಸಿ, ಕಣ್ಣಿಗೆ ಕಾಣಿಸಿಕೊಂಡು ಬರುವ ಹಡಗು.

"ಅದೆಂಥ ಕೆಲಸ?" ಎಂದು ಒಂದು ಹುಡುಗಿ ನಕ್ಕಳು.

"ಅದs ದೊಡ್ಡ ಕೆಲಸ ಬೇಟಿ. ಊರಾಗ ದೊಡ್ಡ ಗೌಡ ಸುಮ್ನ ಒಂದ ಸುತ್ತ ಹಾಕಿ ಬಂದ್ರ ಹ್ಯಾಂಗ? ಬಡಿಯಂಗಿಲ್ಲ, ಬೈಯಂಗಿಲ್ಲ. ಖರೆ ಎಲ್ಲಾರೂ ನೆಟ್ಟಗ ಕುಂದರ್ತಾರ."

ನಾನು ಒಮ್ಮೆ ಖಾರವಾಗಿಯೇ ಕೇಳಿದೆ: "ಏನೇ ಹೇಳಿ, ಅದು ಕೊಲ್ಲುವ ಮಷೀನು ತಾನೆ?"

ಅವರು ಟೀ ಲೋಟ ಕೆಳಗಿಟ್ಟರು. "ಹೌದ್ರಿ ಮೇಡಂ. ಸುಳ್ಳ್ಯಾಕ ಹೇಳ್ಲಿ? ಅದನ್ನ ಕಟ್ಟಿದ್ದs ಅದಕ್ಕ," ಎಂದರು. ಆ ಸಂಜೆ ಮತ್ತೆ ಕಥೆ ಹೇಳಲಿಲ್ಲ. ಆನೆಸ್ಟ್ಲಿ, ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಮೂರು ಮಾತಿಗೆ.

ಅವರ ಅಭ್ಯಾಸಗಳು ವಿಚಿತ್ರವಾಗಿದ್ದವು. ಟೀ ಕೊಟ್ಟರೆ ಮೊದಲು ಕರವಸ್ತ್ರ ಒದ್ದೆ ಮಾಡಿ ಮೇಜಿನ ಮೇಲೆ ಹಾಸಿ ಅದರ ಮೇಲೆ ಲೋಟ ಇಡುತ್ತಿದ್ದರು. ಹಡಗು ಓಲಾಡಿದರೆ ತಟ್ಟೆ ಜಾರಬಾರದಲ್ಲ. ಧೂಳು ಬಿಟ್ಟರೆ ಏನೂ ಅಲುಗಾಡದ ಯಾದಗಿರಿಯಲ್ಲಿ ಹದಿಮೂರು ವರ್ಷ ಒದ್ದೆ ಬಟ್ಟೆ ಹಾಸಿದರು. ಲೋಟ ಅರ್ಧಕ್ಕಿಂತ ಹೆಚ್ಚು ತುಂಬಿಸಗೊಡುತ್ತಿರಲಿಲ್ಲ. ನಿಂತರೆ ಎರಡೂ ಕಾಲು ಅಗಲಿಸಿ ನಿಲ್ಲುವುದು. ನಾನು ಈರುಳ್ಳಿ ಹೆಚ್ಚುತ್ತಿದ್ದರೆ ಮಾತ್ರ ಮುಖ ಆ ಕಡೆ ತಿರುಗಿಸಿಬಿಡುತ್ತಿದ್ದರು. ಕಣ್ಣುರಿ ಎಂದುಕೊಂಡಿದ್ದೆ. ಹಡಗಿನಲ್ಲಿ ಅವರ ಕೆಲಸ ನಿಜಕ್ಕೂ ಏನಿತ್ತು ಎಂದು ಊಹಿಸಲು ಒಬ್ಬ ಟೀಚರ್‌ಗೆ ಅಷ್ಟು ಸಾಕ್ಷಿ ಸಾಕಾಗಬೇಕಿತ್ತು. ಸಾಕಾಗಲಿಲ್ಲ.

ಏಕೆಂದರೆ ಊರಿಗೆಲ್ಲ ಅವರು ತೋಪು ಹಾರಿಸಿದ ವೀರ. ರಿಟೈರ್ ಆಗಿ ಬಂದಾಗ ಶಹಾಪುರದಲ್ಲಿ ಹಾರ ಹಾಕಿ ಸನ್ಮಾನ ಮಾಡಿದ್ದರಂತೆ. ಅಲ್ಲಿ ಭಾಷಣ ಮಾಡಿದವರು ಯಾರೋ ಹಾಗೆ ಹೇಳಿಬಿಟ್ಟರು. ಇವರು ಇಲ್ಲ ಎನ್ನಲಿಲ್ಲ. ಮಾತಿನಲ್ಲಿ ಸುಳ್ಳು ಹೇಳಿದವರಲ್ಲ. "ನಾನು ಹಾರಿಸಿದೆ" ಎಂದು ಒಮ್ಮೆಯೂ ಅಂದಿಲ್ಲ. "ನಮ್ಮ ತೋಪ ಹಾರಿತಂದ್ರ ಕಬ್ಬಿಣದ ಗ್ವಾಡಿ ನಡಗ್ತಿತ್ತು, ಕಿವ್ಯಾಗ ರಕ್ತ ಬಂದಂಗ ಆಗ್ತಿತ್ತು" ಎನ್ನುತ್ತಿದ್ದರು. ಉಳಿದದ್ದನ್ನು ಕೇಳುವವರು ತುಂಬಿಸಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ತುಂಬಿಸಿದವನು ನಮ್ಮ ಹಿಂದಿನ ಮನೆಯ ಕಂಡಕ್ಟರ್. ಯಾದಗಿರಿ–ಶಹಾಪುರ–ಸುರಪುರ ರೂಟಿನ ಬಸ್ಸು. ಕಿವಿಯ ಮೇಲೆ ಪೆನ್ನು, ಹೆಗಲಿಗೆ ಚರ್ಮದ ಬ್ಯಾಗು, ಬಾಯಿ ಮಾತ್ರ ಲೌಡ್‌ಸ್ಪೀಕರ್. ಭೀಮಾ ಸೇತುವೆ ದಾಟುವಷ್ಟರಲ್ಲಿ ಜಹಾಜ್ ಮಾಸ್ತರರು ಮೂರು ಹಡಗು ಮುಳುಗಿಸಿರುತ್ತಿದ್ದರು.

ಆ ಕಂಡಕ್ಟರನ ಮಗಳು ಸುಜಾತಾ. ಪಿಯುಸಿ ಓದುತ್ತಿದ್ದಳು, ನನ್ನ ಹತ್ತಿರ ಇಂಗ್ಲಿಷಿಗೆ ಬರುತ್ತಿದ್ದಳು. ಮಾತು ಕಡಿಮೆ, ಅಪ್ಪನ ಪಾಲಿನದನ್ನೂ ಸೇರಿಸಿ ಇವಳೇ ಮೌನ ಮಾಡಿದ ಹಾಗೆ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಗ್ಲೋಬಿನ ನೀಲಿಯ ಮೇಲೆ ಬೆರಳಿಟ್ಟು ಕೇಳಿದಳು: "ಕಾಕಾ, ಇಲ್ಲಿಗಿ ಹೋಗ್ಬೇಕಂದ್ರ ಏನ್ ಓದ್ಬೇಕ್ರಿ?"

ಹೆಣ್ಣುಮಕ್ಕಳನ್ನೂ ಹಡಗಿಗೆ ತೆಗೆದುಕೊಳ್ಳಲು ಶುರು ಮಾಡಿ ಸ್ವಲ್ಪ ಕಾಲವಾಗಿತ್ತು. ಅವರು ಅವಳನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. "ಓದೂದು ಆಮ್ಯಾಲ. ಈಜಾಕ ಬರ್ತದೇನು?"

"ಇಲ್ರಿ."

"ನನಗೂ ಬರ್ತಿದ್ದಿಲ್ಲ. ಟ್ರೇನಿಂಗದಾಗ ಎರಡ ಸಲ ಫೇಲ್ ಆದ್ನಿ. ಸುರಪುರದಾಗ ಹುಲಿ, ನೀರಾಗ ಬೆಕ್ಕಾಗಿ ನಿಂತಿದ್ದೆ. ನನ್ನ ಜೋಡಿ ಬಂದವರೆಲ್ಲ ಹಡಗ ಹತ್ತಿದ್ರು, ನಾ ಕೊಳದ ದಂಡಿಗಿ ಅಳಕೋತ ಕುಂತಿದ್ದೆ." ನನ್ನ ಕಡೆ ತಿರುಗಿದರು. "ಮೇಡಂ, ಈಕಿ ಅಂಜಿಕಿ ಇಲ್ಲೇ ಕಳದು ಕಳಸೂಣು. ನೀವು ಬಾವಿ ದಂಡಿಗಿ ಬಂದು ಕುಂತ್ರ ನಾ ಕಲಸ್ತೀನಿ. ಇಲ್ಲಂದ್ರ ಇಲ್ಲ."

ಹೀಗೆ, ಅರವತ್ತು ದಾಟಿದ ಮೇಲೆ, ನಾನು ಶಾಪರೋನ್, ಅಂದರೆ ಹುಡುಗಿಯ ಜೊತೆ ಕಾವಲಿಗೆ ಹೋಗುವ ಹೆಂಗಸು, ಆದೆ. ಶಹಾಪುರದ ದಾರಿಯಲ್ಲಿ ಅವರ ತಮ್ಮನ ಹೊಲ, ಹೊಲದಲ್ಲಿ ಮೆಟ್ಟಿಲಿನ ಬಾವಿ. ಪ್ರತಿ ಭಾನುವಾರ ಬೆಳಿಗ್ಗೆ. ತಮ್ಮನ ಹೆಂಡತಿ ಮೀನಿನ ಹಾಗೆ ಈಜುವವಳು, ಹುಡುಗಿಯ ಜೊತೆ ನೀರಿಗಿಳಿಯುತ್ತಿದ್ದಳು. ಸುಜಾತಾಳ ಸೊಂಟಕ್ಕೆ ನಾಲ್ಕು ಒಣಗಿದ ಸೋರೆಬುರುಡೆ, ಒಂದು ಹಗ್ಗ. ಹಗ್ಗದ ಈ ತುದಿ ಹಿಡಿದು ಜಹಾಜ್ ಮಾಸ್ತರರು ಮೇಲಿನ ಮೆಟ್ಟಿಲ ಮೇಲೆ, ಬಾವಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಚೂಡಿದಾರ ಒದ್ದೆಯಾದ ಹುಡುಗಿಯನ್ನು ನೋಡಬಾರದೆಂದು. ಬೆನ್ನು ತಿರುಗಿಸಿ ಈಜು ಕಲಿಸಿದ ಗುರು ಜಗತ್ತಿನಲ್ಲಿ ಅವರೊಬ್ಬರೇ ಇರಬೇಕು. ನಾನು ರನ್ನಿಂಗ್ ಕಾಮೆಂಟರಿ.

"ಮೇಡಂ, ಕಾಲ ಹ್ಯಾಂಗ ಬಡ್ಯಾಕತ್ತಾಳ?"

"ಕಪ್ಪೆಯ ಹಾಗೆ."

"ಶಾಭಾಸ್. ಬಾಯಿ?"

"ತೆಗೆದಿದ್ದಾಳೆ."

"ಮುಚ್ಚಂತ ಹೇಳ್ರಿ! ಮಾತಾಡಾಕ ಇಳಿಸಿಲ್ಲ ನಾವು."

"ಅವಳು ಮಾತಾಡ್ತಿಲ್ಲ, ಅಳ್ತಿದ್ದಾಳೆ."

"ಅಳ್ಲಿ ಬಿಡ್ರಿ. ಮುಳುಗೂ ಮಂದಿ ಅಳಂಗಿಲ್ಲ."

ಹದಿನೈದು ದಿನಕ್ಕೊಂದು ಬುರುಡೆ ಬಿಚ್ಚಿಸುತ್ತಿದ್ದರು. ತಾಯಿಗೆ ಎಲ್ಲ ಗೊತ್ತಿತ್ತು, ಅಪ್ಪನಿಗೆ ಇಲ್ಲ. ತಮಾಷೆ ಎಂದರೆ ನಾವು ಹೋಗಿಬರುತ್ತಿದ್ದದ್ದು ಅವನ ಬಸ್ಸಿನಲ್ಲೇ. ಆ ಹೊತ್ತಿಗೆ ಬೇರೆ ಬಸ್ಸಿರಲಿಲ್ಲ. ಒಮ್ಮೆ ಅವನು ನನ್ನ ಚೀಲ ಇಣುಕಿ, "ಟೀಚರ್, ಇದೇನ್ರಿ, ಬುರುಡಿ ಹೊತ್ಕೊಂಡು ಹೊಂಟೀರಿ?" ಎಂದ. "ಕ್ರಾಫ್ಟ್ ವರ್ಕ್," ಎಂದೆ. ನಮ್ಮ ಮದರ್ ಸುಪೀರಿಯರ್ ಸ್ವರ್ಗದಲ್ಲಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಿರಬೇಕು. ಮಗಳ ತಲೆ ಯಾಕೆ ಒದ್ದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಟಿಕೆಟ್ಟು ಹರಿಯುವ ಗಂಡಸರು ಪ್ರಯಾಣಿಕರ ಕೈಯಷ್ಟೇ ನೋಡುತ್ತಾರೆ.

ನಾಲ್ಕನೆಯ ಬುರುಡೆ ಬಿಚ್ಚಿದ ದಿನ ಅವಳು ಬಾವಿಯನ್ನು ಮೂರು ಸುತ್ತು ಈಜಿದಳು. ನಾನು ಕಾಮೆಂಟರಿ ಮರೆತು ಚಪ್ಪಾಳೆ ಹೊಡೆದೆ. ಅವರು ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಹಗ್ಗವನ್ನು ನಿಧಾನಕ್ಕೆ ಸುತ್ತಿ ಪಕ್ಕಕ್ಕಿಟ್ಟರು.

ನೌಕಾಪಡೆಯ ಪರೀಕ್ಷೆ ಕಲಬುರಗಿಯಲ್ಲಿ. ಬರೆದಳು, ಓಡಿದಳು, ಪಾಸಾದಳು. ಆಗ ಬಂತು ಕಷ್ಟ. ಅವಳಿಗೆ ಹದಿನೆಂಟು ತುಂಬಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಅಪ್ಪನ ಸಹಿ ಬೇಕು. ಸೋಮವಾರದೊಳಗೆ ಕಳಿಸಬೇಕು. ಅಪ್ಪ ಫಾರಂ ನೋಡಿದ, ಮಡಿಚಿದ, ತನ್ನ ಚರ್ಮದ ಬ್ಯಾಗಿನಲ್ಲಿ ಹಾಕಿಕೊಂಡ. ಸಹಿ ಮಾಡಲಿಲ್ಲ.

ಶನಿವಾರ ಸಂಜೆ ನಾನೇ ಕರೆಸಿದೆ. ಅವನು ಡ್ಯೂಟಿಯಿಂದ ನೇರ ಬಂದು ವರಾಂಡದಲ್ಲಿ ನಿಂತ. ಜಹಾಜ್ ಮಾಸ್ತರರು ಕುರ್ಚಿಯಲ್ಲಿದ್ದರು. ಸುಜಾತಾ ಬಾಗಿಲ ಹಿಂದೆ.

"ಟೀಚರ್, ನೀವು ಹೇಳೂದೆಲ್ಲಾ ಖರೆ," ಎಂದ. "ಸರಕಾರಿ ನೌಕರಿ, ಪಗಾರ, ಮರ್ಯಾದಿ. ನನಗ ಗೊತ್ತಿಲ್ಲೇನು? ಆಕಿ ಡಾಕ್ಟರ್ ಆಗ್ತೀನಂದ್ರ ಹೊಲ ಮಾರ್ತೀನಿ, ಪೊಲೀಸ್ ಆಗ್ತೀನಂದ್ರ ನಾನs ಕರ್ಕೊಂಡ್ ಹೋಗ್ತೀನಿ. ಇದು ಬ್ಯಾಡ್ರಿ."

"ಯಾಕ?" ಎಂದರು ಜಹಾಜ್ ಮಾಸ್ತರು.

"ಯಾಕಂತ ನೀವ್ ಕೇಳ್ತೀರೇನ್ರಿ ಸಾಬ್ರ? ನೀವs ಹೇಳೀರಿ. ತೋಪ ಹಾರಿದ್ರ ಕಿವ್ಯಾಗ ರಕ್ತ ಬರ್ತದ, ಗ್ವಾಡಿ ನಡಗ್ತದ. ಹತ್ತ ವರ್ಷದಿಂದ ಬಸ್ಸಿನ್ಯಾಗ ಮಂದಿಗಿ ಅದನ್ನs ಹೇಳ್ಕೋತ ಬಂದೀನಿ. ಮಂದಿ ಮಕ್ಕಳ ಕತಿ ಅಂದ್ರ ಹೇಳಾಕ ಚಂದ. ನನ್ನ ಕೂಸಿನ ಕಿವಿ..." ಲೌಡ್‌ಸ್ಪೀಕರ್ ಅಲ್ಲಿಗೆ ಬಂದ್ ಆಯಿತು.

ಜಹಾಜ್ ಮಾಸ್ತರರು ಕೈಯಲ್ಲಿದ್ದ ಲೋಟವನ್ನು ಒದ್ದೆ ಕರವಸ್ತ್ರದ ಮೇಲೆ ಇಟ್ಟರು. ಅವರ ಕಥೆಯೇ ಆ ಹುಡುಗಿಯ ದಾರಿಗೆ ಅಡ್ಡ ಬಂದು ಕೂತಿತ್ತು. ಅದನ್ನು ಎತ್ತಬೇಕಾದವರು ಅವರೇ.

"ನಾ ತೋಪಿನ್ಯಾಂವ ಅಲ್ಲಪಾ," ಎಂದರು.

"ಅಂದ್ರ?"

"ಬಾವರ್ಚಿ. ಅಡಿಗಿಯಾಂವ. ಇಪ್ಪತ್ತೆಂಟ ವರ್ಷ ಅಡಿಗಿನs ಮಾಡೀನಿ. ತೋಪ ಹಾರೂದು ಕೇಳೀನಿ, ಹಾರಸಿಲ್ಲ."

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಅವರ ಮುಖ ನೋಡಿದೆ.

"ಕೇಳು. ಒಂದ ದೇಶದಾಗ ಲಡಾಯಿ ಹತ್ತಿತ್ತು. ನಮ್ಮ ಮಂದಿ ಅಲ್ಲಿ ದುಡ್ಯಾಕ ಹೋದವ್ರು, ನರ್ಸಬಾಯಿಗೋಳು, ಕೂಸು ಕುನ್ನಿ, ಎಲ್ಲಾ ಸಿಗಿಬಿದ್ದಿದ್ರು. ವಿಮಾನ ಇಳಿಯಂಗಿಲ್ಲ. ನಮ್ಮ ಹಡಗ ಹೋತು. ಬಂದರದಾಗ ಹೊಗಿ ಏಳಾಕತ್ತಿತ್ತು. ಅವತ್ತೂ ತೋಪಿನವರು ತೋಪಿನ ಹಿಂದ ನಿಂತಿದ್ರು, ಸುಳ್ಳಲ್ಲ. ಅವರು ನಿಂತಿದ್ರಂತನs ನಮ್ಮ ಕಡಿ ಯಾರೂ ಕೈ ಮಾಡ್ಲಿಲ್ಲ. ಅವರು ನಿಂತಲ್ಲೇ ನಿಂತ್ರು, ನಾವು ಮೂರ ದಿನ ಕುಂತಿಲ್ಲ. ಹಡಗಿನ ಮಂದಿಗಿಂತ ಮೂರ ಪಟ್ಟ ಮಂದಿ ಹತ್ತಿದ್ರು. ಬ್ಯಾರೆ ದೇಶದವ್ರೂ ಬಂದ್ರು. ಯಾರಿಗಿ ಹಾಕೂದು, ಯಾರಿಗಿ ಬಿಡೂದು ಅಂತ ಸಾಹೇಬರನ್ನ ಕೇಳಿದ್ನಿ. 'ತಟ್ಟಿ ಹಿಡದು ನಿಂತಾರಿಲ್ಲೋ?' ಅಂದ್ರು. 'ನಿಂತಾರ' ಅಂದ್ನಿ. 'ಹಂಗಾದ್ರ ಹಾಕು.' ಖಿಚಡಿ ಹಾಕಿದ್ನಿ. ಒಬ್ಬಾಕಿ ಮುದುಕಿ ತಟ್ಟಿ ಹಿಡ್ಕೊಂಡು ಅಳಾಕತ್ತಿದ್ಲು. 'ಯಾಕವ್ವಾ, ಖಾರ ಆತೇನು?' ಅಂತ ಕೇಳಿದ್ನಿ. 'ಬಿಸಿ ಅದಪ್ಪಾ' ಅಂದ್ಲು. ಎಂಟ ದಿನದಾಗ ಬಿಸೀದು ಕಂಡಿದ್ದಿಲ್ಲಂತ."

"ಹಂಗಾದ್ರ ಅದು ಯುದ್ಧದ ಹಡಗ ಅಲ್ಲೇನ್ರಿ?" ಎಂದ ಕಂಡಕ್ಟರ್.

"ಯುದ್ಧದ್ದs. ಯುದ್ಧ ಬಂದ್ರ ಮಾಡ್ತದ. ನಿನ್ನ ಮಗಳಿಗಿ ಏನೂ ಆಗಂಗಿಲ್ಲಂತ ನಾ ಗ್ಯಾರಂಟಿ ಕೊಡಂಗಿಲ್ಲ. ನೀ ದಿನಾ ಬಸ್ ಹತ್ತೂವಾಗ ನಿನ್ನ ಹೆಂಡ್ತಿಗಿ ಯಾರ ಗ್ಯಾರಂಟಿ ಕೊಟ್ಟಾರ? ಖರೆ ತೋಪೊಂದs ಹಡಗಲ್ಲ. ಅದರಾಗ ಒಲಿ ಅದ, ದವಾಖಾನಿ ಅದ, ನಕ್ಷಾ ಬರಿಯಾಂವ, ಸುದ್ದಿ ಕಳಸಾಂವ, ದೀಪ ಕಾಯಾಂವ. ನಾ ನಿಮಗ ಅದನ್ನ ಹೇಳ್ಬೇಕಿತ್ತು. ತೋಪಿಂದ ಅಷ್ಟs ಹೇಳಿದ್ನಿ. ಹಾರ ಹಾಕ್ತಾರಂತ."

ಓಣಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಕಂಡಕ್ಟರ್ ಒಮ್ಮೆಲೇ ನಕ್ಕುಬಿಟ್ಟ. ಅಳು ಮುಚ್ಚಲು ಗಂಡಸರು ನಗುವ ನಗು. "ಹೌದ್ರಿ? ಬಾವರ್ಚಿ ಅಂತೀರಿ. ಸಾಬ್ರ, ನೀವು ನನ್ನ ಮಗಳನ್ನ ಕಳಸಾಕ ಸುಳ್ಳ ಹೇಳಾಕತ್ತೀರಿ. ಖರೆ ಬಾವರ್ಚಿ ಇದ್ರ ಮಾಡಿ ತೋರಸ್ರಿ ನೋಡೂಣು."

ಅವರು ಎದ್ದರು. ನೇರ ನನ್ನ ಅಡುಗೆಮನೆಗೆ ಹೋದರು. ನಮ್ಮ ಅತ್ತೆಯವರು ಇದ್ದಿದ್ದರೆ ಮಾಸ್ತರರು ಆ ಹೊಸ್ತಿಲು ದಾಟುವ ಪ್ರಶ್ನೆಯೇ ಇರಲಿಲ್ಲ. ಅದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಈರುಳ್ಳಿ ಎಲ್ಲಿ ಎಂದು ಕೇಳಿದರು, ಕೊಟ್ಟೆ. ಮಣೆಯ ಮೇಲೆ ಚಾಕು ಓಡಿದ ಸದ್ದು ಟೈಪ್‌ರೈಟರಿನ ಹಾಗಿತ್ತು. ಕಣ್ಣು ನನ್ನ ಕಡೆ, ಕೈ ಈರುಳ್ಳಿಯ ಕಡೆ. ಐದು ಗಡ್ಡೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೂದಿಯಷ್ಟು ಸಣ್ಣಗಾಯಿತು. ಬಾಗಿಲಲ್ಲಿ ನಿಂತ ಕಂಡಕ್ಟರ್, "ಎಪ್ಪಾ!" ಎಂದ.

ಅಕ್ಕಿ, ತೊಗರಿಬೇಳೆ ತೆಗೆದಿಟ್ಟೆ. ಅಲ್ಲಿ ಅವರು ಮೊದಲ ಸಲ ನಿಂತುಬಿಟ್ಟರು. "ಎಷ್ಟ ಮಂದಿಗ್ರಿ ಮೇಡಂ?"

"ನಾಲ್ಕು ಜನ."

ಅಕ್ಕಿಯ ಡಬ್ಬ ತೆರೆದು ಒಳಗೆ ಇಣುಕಿದರು. ಸಣ್ಣ ಹುಡುಗನ ಹಾಗೆ ಮುಖ. "ನಾಕ ಮಂದಿಗಿ ನನಗ ಬರಂಗಿಲ್ರಿ. ಎಂದೂ ಮಾಡಿಲ್ಲ. ಉಪ್ಪ ಎಷ್ಟ, ನೀರ ಎಷ್ಟ, ಏನೂ ತಿಳಿಯವಲ್ದು."

"ಎಷ್ಟು ಜನಕ್ಕೆ ಬರುತ್ತದೆ?"

"ಕಮ್ಮಿ ಅಂದ್ರ ಐವತ್ತ."

ಸುಜಾತಾ ಓಡಿದಳು. ಮೂರು ಮನೆಯಿಂದ ಅಕ್ಕಿ ಬಂತು, ಎರಡು ಮನೆಯಿಂದ ಬೇಳೆ, ಶಾಮಿಯಾನದವನ ಮನೆಯಿಂದ ದೊಡ್ಡ ಹಂಡೆ. ನನ್ನ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಒಲೆ ಹಚ್ಚಿದರು. ಅಳತೆಗೆ ಪಾವಿಲ್ಲ, ಲೋಟವಿಲ್ಲ, ಕೈಯೇ ಅಳತೆ. ಎದುರು ಮನೆಯಿಂದ ಅವರ ಹೆಂಡತಿ ಬಂದು ಸೆರಗು ಬಾಯಿಗೆ ಹಿಡಿದು ನಿಂತರು. "ನೋಡ್ರಿ ಟೀಚರ್, ಇಲ್ಲಿಗಿ ಬಂದಾಗಿಂದ ಒಮ್ಮಿನೂ ಒಲಿ ಮುಂದ ಬಂದಿಲ್ಲ. ಮಂದಿಗಿ ಗುರ್ತ ಹತ್ತೀತಂತ. ನನಗ ಜ್ವರ ಬಂದ್ರ ಬ್ರೆಡ್ ತಂದ್ ಕೊಡ್ತಿದ್ರು!" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಓಣಿಗೆ ಓಣಿಯೇ ಉಂಡಿತು. ವರಾಂಡದಲ್ಲಿ, ಕಟ್ಟೆಯ ಮೇಲೆ, ಗೇಟಿನ ಹೊರಗೆ. ಕಂಡಕ್ಟರನ ಮುಂದೆ ಮಾತ್ರ ಒದ್ದೆ ಬಟ್ಟೆ ಹಾಸಿ ತಟ್ಟೆ ಇಟ್ಟರು. ಅವನು ಉಂಡ. ಎರಡನೆಯ ಸಲ ಹಾಕಿಸಿಕೊಂಡ. ಕೈ ತೊಳೆದು, ಒರೆಸಿಕೊಂಡು, ಚರ್ಮದ ಬ್ಯಾಗಿನಿಂದ ಫಾರಂ ತೆಗೆದ. ಕಿವಿಯ ಮೇಲಿನ ಪೆನ್ನು ಇಳಿಸಿದ. ಬ್ಯಾಗಿನ ಮೇಲೆಯೇ ಇಟ್ಟು ಸಹಿ ಹಾಕಿದ.

"ಉಪ್ಪ ಸ್ವಲ್ಪ ಕಮ್ಮಿ ಆಗಿತ್ರಿ," ಎಂದ.

"ಹಡಗಿನ್ಯಾಗ ಕಮ್ಮಿನs ಹಾಕ್ತೀವಿ. ಸುತ್ತಾ ಇರೂದೆಲ್ಲಾ ಅದs," ಎಂದರು ಇವರು.

ಅದಕ್ಕೆ ಅವರು ತೆತ್ತ ಬೆಲೆ ಮರುದಿನದಿಂದಲೇ ಗೊತ್ತಾಯಿತು. ಕಂಡಕ್ಟರ್ ಕೆಟ್ಟವನಲ್ಲ, ಆದರೆ ಬಾಯಿ ಅದೇ. ಬಸ್ಸು ಸುರಪುರ ಮುಟ್ಟುವಷ್ಟರಲ್ಲಿ ಊರೂರಿಗೆ ಸುದ್ದಿ. ಮುಂದಿನ ಆಗಸ್ಟ್ ಹದಿನೈದಕ್ಕೆ ಯಾವ ಶಾಲೆಯವರೂ ಅವರನ್ನು ಕರೆಯಲಿಲ್ಲ. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದರು. ಅದನ್ನೇ ತೊಟ್ಟು ನನ್ನ ವರಾಂಡಕ್ಕೆ ಬಂದು ಟೀ ಕುಡಿದರು. ಸ್ಟೇಷನ್ ಹತ್ತಿರದ ಚಹಾ ಅಂಗಡಿಯಲ್ಲಿ ಯಾರೋ ಕೂಗಿದರಂತೆ: "ಜಹಾಜ್ ಸಾಬ್ರ, ಸಲಾಮ್ರಿ! ಈ ಮಿರ್ಚಿ ಭಜಿಗಿ ಉಪ್ಪ ಸಾಕೇನ್ ನೋಡ್ರಿ!" ಇವರು ಸಲಾಮಿಗೆ ಸಲಾಮು ಕೊಟ್ಟು, ಹೋಗಿ ಒಂದು ಭಜಿ ತಿಂದು ನೋಡಿ, "ಉಪ್ಪ ಸಾಕು, ಎಣ್ಣಿ ಹಳೀದು" ಎಂದು ಬಂದರಂತೆ. ನಾನಾಗಿದ್ದರೆ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. "ನಿಮಗೆ ಬೇಜಾರಿಲ್ಲವೇ?" ಎಂದು ಕೇಳಿದೆ.

"ಅದ. ಯಾಕಿಲ್ರಿ?" ಎಂದರು. "ಖರೆ, ಈಗ ಮನ್ಯಾಗ ನಾನs ಅಡಿಗಿ ಮಾಡಾಕತ್ತೇನಿ. ಬೇಗಂ ಐವತ್ತ ಮಂದಿ ಅಡಿಗಿ ಯಾರ ತಿನ್ಬೇಕಂತ ಬೈತಾಳ."

ಸುಜಾತಾ ಹೊರಟ ದಿನ ಯಾದಗಿರಿ ಸ್ಟೇಷನ್ನಿನಲ್ಲಿ ನಾವೆಲ್ಲ ಇದ್ದೆವು. ಅವಳ ಅಪ್ಪ ಒರಿಸ್ಸಾದ ಟ್ರೇನಿಂಗ್ ಸೆಂಟರಿನ ತನಕ ಬಿಟ್ಟು ಬರಲು ಜೊತೆಗೆ ಹೊರಟಿದ್ದ. ಸಿಕಂದರಾಬಾದಿನ ಕಡೆಯ ಗಾಡಿ, ಎರಡು ನಿಮಿಷ ನಿಲ್ಲುವುದು. ಅವಳ ಎರಡೂ ಕೈಯಲ್ಲಿ ಚೀಲ, ಕಂಕುಳಲ್ಲಿ ರೊಟ್ಟಿಯ ಗಂಟು. ನೂಕು ನುಗ್ಗಲು. ಅಪ್ಪ ಬಾಗಿಲಲ್ಲಿ ನಿಂತು ಮಗಳನ್ನು ಮೇಲೆಳೆದುಕೊಂಡು, ಅಭ್ಯಾಸಬಲದಿಂದ ಇಡೀ ಪ್ಲಾಟ್‌ಫಾರಂಗೆ ಕೇಳುವ ಹಾಗೆ, "ರೈಟ್! ರೈಟ್!" ಎಂದು ಕೂಗಿದ. ಗಾಡಿ ನಿಜವಾಗಿ ಹೊರಟಿತು.

ಆಗ ನಾನು ಕಂಡೆ. ಜಹಾಜ್ ಮಾಸ್ತರರು ಕಾಲು ಅಗಲಿಸಿ ನಿಂತು ಕೈ ಎತ್ತಿದರು. ಅವಳು ಇನ್ನೂ ಎತ್ತಿರಲಿಲ್ಲ. ಯಾರೂ ಎತ್ತಿರಲಿಲ್ಲ. ಅವರೇ ಮೊದಲು. ಕಲೆಕ್ಟರ್ ಬಂದರೂ, ಪೀರಸಾಹೇಬರು ಬಂದರೂ ಮೊದಲು ಏಳದ ಕೈ ಆ ಹದಿನೇಳರ ಹುಡುಗಿಗೆ ಎದ್ದಿತು. ಗಾಡಿ ತಿರುವಿನಲ್ಲಿ ಕಾಣದಾಗುವ ತನಕ ಕೆಳಗೆ ಇಳಿಯಲಿಲ್ಲ. ಸಿಕಂದರಾಬಾದಿನ ಆ ಗಾಡಿಯಲ್ಲಿ ಬೋರ್ಡಿಂಗಿನ ಹುಡುಗಿಯಾಗಿದ್ದಾಗ ನಾನೂ ಎಷ್ಟು ಸಲ ಹೋಗಿಬಂದಿದ್ದೇನೆ. ಇವತ್ತಿನ ತನಕ ಸಮುದ್ರ ನೋಡಿಲ್ಲ.

ಅವರು ಹೋದ ಸುದ್ದಿ ಸುಜಾತಾಳಿಗೆ ತಡವಾಗಿ ಮುಟ್ಟಿತು. ಅವಳ ಹಡಗು ನೀರಿನಲ್ಲಿತ್ತು. ಬಂದರಿಗೆ ಬಂದ ಮೇಲೆ ನನಗೆ ಫೋನ್ ಮಾಡಿದಳು. ಅತ್ತಳು. ನಾನು ಗೇಟಿನಲ್ಲಿ ನಿಂತು ಸಲಾಮು ಮಾಡಿದ್ದನ್ನು, ಉತ್ತರ ಬಾರದೇ ಇದ್ದದ್ದನ್ನು ಹೇಳಿದೆ. ಇಂಥದ್ದನ್ನೆಲ್ಲ ಹೇಳಲು ನನಗೆ ಈಗ ಇನ್ನು ಯಾರಿದ್ದಾರೆ?

"ಟೀಚರ್, ನಾನೂ ಅವರಿಗಿ ಉತ್ತರ ಕೊಟ್ಟಿಲ್ರಿ," ಎಂದಳು. "ಸ್ಟೇಷನ್‌ದಾಗ ಕಾಕಾ ಮೊದಲ ಕೈ ಎತ್ತಿದ್ರಲ್ರಿ. ನಾ ಕಿಟಕ್ಯಾಗಿಂದ ನೋಡಿದ್ನಿ. ಎರಡೂ ಕೈಯಾಗ ಚೀಲ ಇದ್ವು. ಕೆಳಗ ಇಟ್ಟು ಕೈ ಎತ್ತಬೇಕನ್ನೂದ್ರಾಗ ಗಾಡಿ ತಿರುಗಿಬಿಡ್ತು."

"ಅವರಿಗೆ ಗೊತ್ತಿತ್ತು ಬಿಡೇ," ಎಂದೆ.

"ಅದಕ್ಕ ಇಲ್ಲಿ ಹಡಗಿನ್ಯಾಗ ದಿನಾ ಡ್ಯೂಟಿಗಿ ಹೋಗೂವಾಗ ಕೆಳಗ ಅಡಿಗಿಮನಿ ಮುಂದ ಹಾದು ಹೋಗ್ತೀನ್ರಿ. ನನ್ನ ಹಾದಿ ಅಲ್ಲ ಅದು, ಸುತ್ತಾಗ್ತದ. ಬಾಗಲದಾಗ ನಿಂತು ನಾನs ಮೊದಲ ಕೈ ಎತ್ತತೀನಿ. ಮೊದಮೊದಲ ಅಡಿಗಿಯವರು ನಗ್ತಿದ್ರು, ಈ ಹುಡುಗಿಗಿ ಹುಚ್ಚ ಹಿಡದದಂತ."

"ಈಗ?"

"ಈಗ ಎಲ್ಲಾರೂ ಸೌಟ ಎತ್ತತಾರ್ರಿ ಟೀಚರ್."